ಒಂಬತ್ತನೆಯ ಅಧ್ಯಾಯದ ಅಜ್ಜಿಗೆ ಬಂದ ನೋಟೀಸು

ಮಾನ್ಯ ಅಧ್ಯಕ್ಷರೇ,

ನಂಬಿಕೆ ಪರಿಶೀಲನಾ ಮಂಡಳಿಯ ಉನ್ನತ ಪೀಠದಲ್ಲಿ ಕುಳಿತು, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು, ಯಾವುದನ್ನು ನಂಬಿದರೂ ಬಾಯಿ ಬಿಡಬಾರದು ಎಂಬುದನ್ನೆಲ್ಲ ನಮ್ಮ ಪರವಾಗಿ ತೀರ್ಮಾನಿಸುವ ತಮಗೂ, ತಮ್ಮ ಎಡಬಲದ ಇಬ್ಬರು ಹಿರಿಯರಿಗೂ ಮೊದಲು ನನ್ನ ವಂದನೆಗಳು. ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವನು. ಇನ್ನೊಬ್ಬರ ಬರಹದಲ್ಲಿ ತಪ್ಪು ಹುಡುಕುವುದೇ ನನ್ನ ಕಸುಬಾದ್ದರಿಂದ, ಅದೇ ಕಸುಬಿನ ಹಿರಿಯರಾದ ತಮ್ಮ ಮೇಲೆ ನನಗೆ ಸಹಜವಾಗಿಯೇ ಗೌರವವಿದೆ.

ನನ್ನ ಅಕ್ಕ ಆರು ವರ್ಷ ಕೂತು ಪರದೇಶದ ಕಾದಂಬರಿಯೊಂದನ್ನು ಕನ್ನಡಕ್ಕೆ ತಂದಿದ್ದಾಳೆ. ಅದರಲ್ಲಿ ಸತ್ತವರೊಬ್ಬರು ಮಾತಾಡುವುದರಿಂದ ಅಚ್ಚಿಗೆ ಮೊದಲು ತಮ್ಮ ಒಪ್ಪಿಗೆ ಬೇಕಾಯಿತು. ಒಪ್ಪಿಗೆ ಸಿಗದ ಬರಹದ ಮೇಲೆ ಹಿರಿಯರ ಕಣ್ಣು ಬೀಳಬಾರದು, ಆದ್ದರಿಂದ ಬರೆದವರೇ ಬಂದು ಗಟ್ಟಿಯಾಗಿ ಓದಬೇಕು, ಆಕ್ಷೇಪವಿದ್ದಲ್ಲಿ ಹಿರಿಯರು ಗಂಟೆ ಬಾರಿಸುತ್ತಾರೆ ಎಂಬ ತಮ್ಮ ಪದ್ಧತಿಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಓದದೆಯೇ ಪುಸ್ತಕವನ್ನು ತೂಗುವ ವಿದ್ಯೆ ವಿಮರ್ಶಕರಿಗೆ ಮಾತ್ರ ಗೊತ್ತಿದೆ ಎಂದುಕೊಂಡಿದ್ದೆ. ಅಕ್ಕ ಕೂರಲು ಕುರ್ಚಿ ಕೇಳಿದಾಗ ತಮ್ಮ ಗುಮಾಸ್ತರು, "ಕೂತು ಓದಿದ್ರೆ ಅದು ಹರಟೆ ಆಗತ್ತಮ್ಮ, ನಿಂತು ಓದಿದ್ರೆ ಅರ್ಜಿ" ಎಂದು ತಿಳಿಹೇಳಿದರು. ಅವಳು ಮೂರು ದಿನ ನಿಂತಳು. ನಾನು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತೆ.

ಮೊದಲ ದಿನ ಗಂಟೆ ಹದಿನೇಳು ಸಲ ಮೊಳಗಿತು. ತಾನಾಗಿಯೇ ನಿಂತ ಗಡಿಯಾರಕ್ಕೆ ಒಂದು, ಕನಸು ನಿಜವಾಯಿತೆಂದು ಖುಷಿಪಟ್ಟ ದರ್ಜಿಗೆ ಎರಡು. ಬಾಕಿಯವು ಯಾತಕ್ಕೆಂದು ನನಗೆ ಇಂದಿಗೂ ತಿಳಿದಿಲ್ಲ. ಎರಡನೆಯ ದಿನ ನಾಲ್ಕು. ಮೂರನೆಯ ದಿನ ಒಂಬತ್ತನೆಯ ಅಧ್ಯಾಯ ಬಂತು. ಹಿಂದಿನ ವಾರ ತೀರಿಕೊಂಡ ಅಜ್ಜಿ ಅಡುಗೆಮನೆಯಲ್ಲಿ ಪ್ರತ್ಯಕ್ಷಳಾಗಿ ಸೊಸೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ: "ಏನೇ, ಒಲೆ ಮೇಲೆ ಹಾಲಿಟ್ಟು ಎಲ್ಲೋದೆ? ನಾನು ಸತ್ತೆ ಅಂತ ಹಾಲು ಉಕ್ಕೋದು ನಿಲ್ಲಿಸತ್ತಾ?" ನಾಲ್ಕು ಪುಟ ಗಂಟೆಯೇ ಇಲ್ಲ. ಎಡಗಡೆಯ ಹಿರಿಯರು ಮುಂದಕ್ಕೆ ಬಾಗಿದರು. ಬಲಗಡೆಯವರು ಬೀದಿಯ ಸದ್ದು ಬೇಡವೆಂದು ಕಿಟಕಿ ಹಾಕಿಸಿದರು. ತಾವು ನಕ್ಕಿರಿ, ಆಮೇಲೆ ಕೆಮ್ಮಿದಿರಿ. ಕೊನೆಗೆ ಅಜ್ಜಿ ಸೊಸೆಯ ಪಕ್ಕ ಕೂತು, "ಬೈಯೋಕೆ ಬಂದಿದ್ದಲ್ಲ ಕಣೇ, ಒಂದು ಮಾತು ಹೇಳದೇ ಹೋಗ್ಬಿಟ್ಟಿದ್ದೆ" ಎಂದಳೋ ಇಲ್ಲವೋ, ತಮಗೆ ತಮ್ಮ ಹುದ್ದೆ ನೆನಪಾಗಿ ಗಂಟೆ ಬಾರಿಸಿದಿರಿ. ಓದು ಅಲ್ಲಿಗೇ ನಿಂತಿತು.

ಆಮೇಲೆ ಬಂದ ಆದೇಶವನ್ನು ನಾನು ಅಭ್ಯಾಸಬಲದಿಂದ ಮೂರು ಸಲ ಓದಿದೆ. ಅಕ್ಷರದೋಷ ಒಂದೂ ಇಲ್ಲ, ಅಭಿನಂದನೆಗಳು. ಸತ್ತವರು ಮರಳಿ ಬರುವುದಿಲ್ಲ, ಬರುತ್ತಾರೆನ್ನುವುದು ಮೂಢನಂಬಿಕೆ ಎಂದು ಮೊದಲ ಕಲಮು ಹೇಳುತ್ತದೆ. ಸದರಿ ಅಜ್ಜಿ ಯಾರ ಅಪ್ಪಣೆಯಿಂದ ಮರಳಿ ಬಂದಳೆಂಬುದಕ್ಕೆ ಹದಿನೈದು ದಿನದೊಳಗೆ ಅವಳೇ ಖುದ್ದು ಹಾಜರಾಗಿ ವಿವರಣೆ ಕೊಡಬೇಕು, ತಪ್ಪಿದರೆ ಅಧ್ಯಾಯವನ್ನು ಕಿತ್ತುಹಾಕಿ, ತನಗೂ ಅವಳಿಗೂ ಯಾವ ಸಂಪರ್ಕವೂ ಇಲ್ಲವೆಂದು ಅನುವಾದಕಿ ಸಹಿ ಮಾಡಬೇಕು ಎನ್ನುತ್ತದೆ ಎರಡನೆಯದು. ಇಷ್ಟು ವರ್ಷಗಳ ಓದಿನಲ್ಲಿ, ಕಾದಂಬರಿಯ ಪಾತ್ರವೊಂದನ್ನು ಇಷ್ಟು ಮನಸಾರೆ ನಂಬಿದ ಓದುಗರನ್ನು ನಾನು ಕಂಡಿಲ್ಲ. ನೋಟೀಸು ಅಜ್ಜಿಯ ಹೆಸರಿಗೇ ಬಂದಿತ್ತು. ಅವರು ತೀರಿಕೊಂಡಿದ್ದಾರೆ ಎಂದು ಅಕ್ಕ ಹೇಳಿದರೆ ಅಂಚೆಯವರು, "ಪರವಾಗಿಲ್ಲಮ್ಮ, ಮಂಡಳಿ ಕಾಗದ ಅಲ್ವಾ, ಬಂದೇ ಬರ್ತಾರೆ" ಎಂದು ಧೈರ್ಯ ತುಂಬಿ ಹೋದರು.

ಆದ್ದರಿಂದ ಕೆಲವು ವಿನಂತಿಗಳು. ಅಜ್ಜಿಗೆ ಎಂಬತ್ತು ದಾಟಿದೆ, ತಮ್ಮ ಲಿಫ್ಟು ಕೆಟ್ಟು ತಿಂಗಳಾಗಿದೆ. ಆಕೆ ಮೆಟ್ಟಿಲು ಹತ್ತಬೇಕೋ ಗೋಡೆಯ ಮೂಲಕವೇ ಬರಬಹುದೋ ದಯವಿಟ್ಟು ಮೊದಲೇ ತಿಳಿಸಬೇಕು. ಆಕೆಗಾದರೂ ಕುರ್ಚಿ ಕೊಡಬೇಕು. ಗುರುತಿನ ಪುರಾವೆಯಾಗಿ ಮರಣ ಪ್ರಮಾಣಪತ್ರ ನಡೆಯುತ್ತದೆಯೇ ಎಂಬುದನ್ನೂ, ತಾವು ಆಕೆಯನ್ನು ಕಣ್ಣಾರೆ ಕಂಡ ಮೇಲೆ ಮೊದಲ ಕಲಮನ್ನು ಏನು ಮಾಡುತ್ತೀರಿ ಎಂಬುದನ್ನೂ ಲಿಖಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಇನ್ನು ಸಂಪರ್ಕದ ವಿಷಯ. ಮೂಲದಲ್ಲಿ ಆ ಅಜ್ಜಿಯ ಮಾತು ಯಾವ ನಿಘಂಟಿಗೂ ಸಿಗದಂಥದ್ದು. ಎರಡು ವರ್ಷ ಒದ್ದಾಡಿ ಸೋತು, ಕೊನೆಗೊಂದು ದಿನ ಅಕ್ಕ ಆಕೆಯಿಂದ ನಮ್ಮ ಅಮ್ಮನ ಹಾಗೆ ಮಾತಾಡಿಸಿದಳು. ಅಮ್ಮ ಹೋಗಿ ಏಳು ವರ್ಷವಾಯಿತು. ಹಾಲಿನ ಮಾತಿನಲ್ಲಿ "ನಾನು ಸತ್ತೆ ಅಂತ" ಎಂಬುದನ್ನು ಬಿಟ್ಟರೆ ಉಳಿದದ್ದು ಅಮ್ಮ ದಿನಾ ಅಕ್ಕನಿಗೆ ಹೇಳುತ್ತಿದ್ದದ್ದೇ. ಅವಳ ಧ್ವನಿಯನ್ನು ನಾವು ಎಲ್ಲೂ ಹಿಡಿದಿಟ್ಟುಕೊಂಡಿರಲಿಲ್ಲ. ಈಗ ಅದು ಇರುವುದು ಆ ಹನ್ನೊಂದು ಪುಟಗಳಲ್ಲಿ. ಅವುಗಳ ಕರಡನ್ನು ನಾನು ಅಗತ್ಯಕ್ಕಿಂತ ಹೆಚ್ಚು ಸಲ ತಿದ್ದಿದ್ದೇನೆ.

ಸಹಿಯ ಕಾಗದ ಮುಂದಿಟ್ಟಾಗ ಅಕ್ಕ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. "ಸಂಪರ್ಕ ಇಲ್ಲ ಅಂತ ಹೇಗೋ ಬರೀಲಿ? ಬೆಳಗೆದ್ದರೆ ಅವಳ ಮಾತೇ ಕೇಳ್ಕೊಂಡು ಕೂತಿದ್ದೆ. ಪುಸ್ತಕ ಬರದೇ ಇದ್ರೆ ಬೇಡ, ಅವಳನ್ನ ಕೀಳೋಕೆ ನನ್ನ ಕೈಲಾಗಲ್ಲ" ಎಂದಳು. ಪುಸ್ತಕ ಬರುವುದಿಲ್ಲ. ಹಾಳೆಗಳನ್ನು ದಾರ ಸುತ್ತಿ ಮನೆಗೆ ತಂದಿದ್ದೇವೆ. ಆದರೆ ಅರ್ಜಿ ಸಲ್ಲಿಸಲು ಯಾರ ಒಪ್ಪಿಗೆಯೂ ಬೇಕಿಲ್ಲವೆಂದು ತಮ್ಮ ನಿಯಮಾವಳಿಯೇ ಹೇಳುವುದರಿಂದ, ಅಕ್ಕ ಪ್ರತಿ ಭಾನುವಾರ ಸಂಜೆ ನಮ್ಮ ಮುಂದಿನ ಕೋಣೆಯಲ್ಲಿ ನಿಂತು, ಬಂದವರೆದುರು ಇಡೀ ಕಾದಂಬರಿಯನ್ನು ಅರ್ಜಿಯಾಗಿ ಸಲ್ಲಿಸುತ್ತಿದ್ದಾಳೆ. ಕೇಳುವವರಿಗೆ ಮಾತ್ರ ಕುರ್ಚಿಗಳಿವೆ.

ತಮ್ಮ ಮಂಡಳಿ ಒಪ್ಪಿದಷ್ಟು ಮಟ್ಟಿಗೆ ಮಾತ್ರ,
ತಮ್ಮ ವಿಶ್ವಾಸಿ,
ಅನುವಾದಕಿಯ ತಮ್ಮ

ಮರೆತ ಮಾತು: ಕಳೆದ ಭಾನುವಾರ ಮಂಡಳಿಯ ಹಿರಿಯರೊಬ್ಬರು ಕಿವಿ, ಗಲ್ಲ ಮುಚ್ಚುವಂತೆ ಮಫ್ಲರ್ ಸುತ್ತಿಕೊಂಡು ಬಂದು, ಹಿಂದಿನ ಸಾಲಿನಲ್ಲಿ ಕೂತು, ಅಜ್ಜಿ ಸೊಸೆಗೆ ಹೇಳಬಂದ ಆ ಒಂದು ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದೇ ಮಫ್ಲರಿನಲ್ಲಿ ಕಣ್ಣೊರೆಸಿಕೊಂಡು ಹೋದರು. ಅವರು ಯಾರೆಂದು ಯಾರಿಗೂ ಹೇಳುವುದಿಲ್ಲವೆಂದು ಅಕ್ಕ ಮಾತು ಕೊಟ್ಟಿದ್ದಾಳೆ. ಎಡಬಲದ ಹಿರಿಯರು ಒಬ್ಬರನ್ನೊಬ್ಬರು ಅನುಮಾನಿಸಬಾರದೆಂದು ಕೋರುತ್ತೇನೆ. ತಾವಂತೂ ಗಾಬರಿಪಡಬೇಕಿಲ್ಲ, ಅಧ್ಯಕ್ಷರೇ: ಕುರ್ಚಿಯ ಮೇಲೆ ಬಿಟ್ಟುಹೋದ ಮಫ್ಲರನ್ನು ಒಗೆದು, ಮಡಿಸಿ ಇಟ್ಟಿದ್ದೇವೆ.