ಏಳು ಕುಂಡ ಪುಂಡಿ

ಬಸವಲಿಂಗಪ್ಪನ ಪುಂಡಿ ಗಿಡಗಳಿಗೆ ಕಾಯಿಲೆ ಬಂದದ್ದು ಯಾವಾಗಲೋ, ವಿಜಯಾಳ ಕಣ್ಣಿಗೆ ಬಿದ್ದದ್ದು ಮಾತ್ರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ.

“ರೀ, ಇಲ್ಲಿ ಬರ್ರಿ. ಕೆಳಗಿನ ಎಲಿ ಎಲ್ಲಾ ಕಾಮಣಿ ಹತ್ತಿದಂಗ ಹಳದಿ ಆಗ್ಯಾವು. ತುದಿ ನೋಡ್ರಿ, ಸುಟ್ಟಂಗ ಆಗೇತಿ.”

ಬಸವಲಿಂಗಪ್ಪ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿ ಬಂದ. ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿ. ಅದರ ಅಂಚಿಗೆ ಸಾಲಾಗಿ ಏಳು ಕುಂಡ, ಮೇಲೆ ತೂಗುಬಿಟ್ಟ ಒಂದು ಟ್ಯೂಬ್‌ಲೈಟ್. ನೆದರ್ಲೆಂಡ್ಸಿನ ಈ ಗ್ರೋನಿಂಗನ್ ಊರಿನಲ್ಲಿ, ಎದುರು ಮನೆಗಳ ಮರೆಯಿಂದಾಗಿ, ಕಿಟಕಿಗೆ ಬಿಸಿಲು ಸರ್ಕಾರಿ ಗುಮಾಸ್ತನಂತೆ ಹನ್ನೊಂದಕ್ಕೆ ಬಂದು ನಾಲ್ಕಕ್ಕೆ ಹೋಗುತ್ತಿದ್ದುದರಿಂದ ಆ ದೀಪ.

ಗದಗದ ಕಡೆಯ ಬಸವಲಿಂಗಪ್ಪ ಎರಡು ವರ್ಷದಿಂದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಆಲೂಗಡ್ಡೆಯ ಹಿಟ್ಟಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಆ ಹಿಟ್ಟು ಎಷ್ಟು ಬಿಸಿಗೆ ಎಷ್ಟು ಅಂಟಾಗುತ್ತದೆ ಎಂಬುದರ ಬಗ್ಗೆ ಇನ್ನೂರು ಪುಟ ಬರೆದಿದ್ದ. ಆದರೆ ಜೀವಂತ ಗಿಡವೊಂದನ್ನು ಕೈಯಾರೆ ಬೆಳೆಸಿದ್ದು ಇದೇ ಮೊದಲು. ಅದೂ ಹೆಂಡತಿಗಾಗಿ. ವಿಜಯಾಳಿಗೆ ಏಳು ತಿಂಗಳು; ನಾಳೆ ಮನೆಯಲ್ಲೇ ಕುಬಸ, ಅಂದರೆ ಸೀಮಂತ. ಬಸುರಾದಂದಿನಿಂದ ಆಕೆಗೆ ಬ್ರೆಡ್ಡು ಕಂಡರೆ ವಾಕರಿಕೆ, ಚೀಸ್ ಕಂಡರೆ ಕಣ್ಣೀರು. ಬೇಕಿದ್ದದ್ದು ಒಂದೇ: ಹುಳಿ ಹುಳಿ ಪುಂಡಿಪಲ್ಲೆ, ಮೇಲೆ ಬೆಳ್ಳುಳ್ಳಿ ಒಗ್ಗರಣೆ.

“ನಾಳೆ ಕುಬಸದ ತಾಟಿನ್ಯಾಗ ಪುಂಡಿಪಲ್ಲೆ ಇರಲಿಲ್ಲಂದ್ರ ನಾ ಉಡಿ ತುಂಬಿಸ್ಕೊಳ್ಳೂದಿಲ್ಲ ನೋಡ್ರಿ,” ಎಂದಳು ವಿಜಯಾ. ಅವಳು ತಮಾಷೆಗೆ ಹೇಳುವಾಗ ಸೊಂಟದ ಮೇಲೆ ಕೈ ಇಡುತ್ತಿರಲಿಲ್ಲ. ಈಗ ಇಟ್ಟಿದ್ದಳು.

ಬಸವಲಿಂಗಪ್ಪ ಎಲ್ಲಕ್ಕಿಂತ ಸೊರಗಿದ ಕುಂಡವನ್ನು ಸೈಕಲ್ಲಿನ ಕ್ಯಾರಿಯರಿಗೆ ರಬ್ಬರ್ ಹಗ್ಗದಿಂದ ಬಿಗಿದು ಗಿಡದ ಅಂಗಡಿಗೆ ಹೊರಟ.

ವಿಶ್ವಕಪ್ ಫುಟ್‌ಬಾಲಿನ ದಿನಗಳು. ಬೀದಿಬೀದಿಗೂ ಕಿತ್ತಳೆ ಬಣ್ಣದ ತೋರಣ. ಮೊಣಕಾಲೆತ್ತರದ ಪುಂಡಿ, ಬೆರಳು ಚಾಚಿದ ಅಂಗೈಯಂಥ ತನ್ನ ಎಲೆಗಳನ್ನು ಗಾಳಿಗೆ ಬೀಸುತ್ತ, ಮೆರವಣಿಗೆಯ ಪುಢಾರಿಯಂತೆ ಹಿಂದೆ ಕೂತಿತ್ತು. ಮೊದಲ ಸಿಗ್ನಲ್ಲಿನಲ್ಲಿ ಪಕ್ಕದ ಸೈಕಲ್ಲಿನವನು ಹೆಬ್ಬೆರಳು ಎತ್ತಿ ತೋರಿಸಿದ. ಸೇತುವೆಯ ಮೇಲೆ ಇಬ್ಬರು ಹೆಂಗಸರು ಚಪ್ಪಾಳೆ ತಟ್ಟಿದರು. ದೋಣಿಯಲ್ಲಿದ್ದ ಮುದುಕನೊಬ್ಬ ಟೋಪಿ ತೆಗೆದ. ಈ ಜನಕ್ಕೆ ಸೊಪ್ಪಿನ ಮೇಲೆ ಎಷ್ಟು ಗೌರವ ಎಂದುಕೊಂಡ ಬಸವಲಿಂಗಪ್ಪ ಎಲ್ಲರಿಗೂ ತಲೆಬಾಗಿ ವಂದಿಸಿದ.

ಗಿಡದ ಅಂಗಡಿಯ ಹುಡುಗಿ ಮಾತ್ರ ಕುಂಡವನ್ನು ನೋಡಿ ದನಿ ತಗ್ಗಿಸಿದಳು. “ನಾವು ಇಂಥದ್ದಕ್ಕೆ ಔಷಧಿ ಇಡಲ್ಲ ಸರ್. ಆ ತಿರುವಿನಲ್ಲಿ ಇನ್ನೊಂದು ಅಂಗಡಿ ಇದೆ. ಇದು ಅವರ ವಿಷಯ.”

ತಿರುವಿನ ಅಂಗಡಿಯ ಗಾಜಿಗೆ ಹಸಿರು ಬಣ್ಣ ಬಳಿದಿದ್ದರು. ಒಳಗೆ ದೀಪ, ಫ್ಯಾನು, ಗೊಬ್ಬರದ ಡಬ್ಬಿ. ಎದೆಯವರೆಗೆ ಗಡ್ಡ ಬಿಟ್ಟ ಮಾಲೀಕ ವೈದ್ಯನಂತೆ ಎಲೆ ಮಗುಚಿ, ಮಣ್ಣು ಚಿವುಟಿ, ಮೂಸಿ ನೋಡಿದ.

“ದಿನಕ್ಕೆ ಎಷ್ಟು ಸಲ ನೀರು?”

“ಮೂರು. ಹೆಂಡತಿ ಎರಡು ಸಲ ಹಾಕ್ತಾಳೆ, ಅವಳಿಗೆ ಗೊತ್ತಾಗದ ಹಾಗೆ ನಾನೊಂದು ಸಲ.”

“ಗೊಬ್ಬರ?”

“ಚಹಾದ ಚರಟ, ಅಕ್ಕಿ ತೊಳೆದ ನೀರು, ಆಮೇಲೆ ಡಬ್ಬಿಯ ಗೊಬ್ಬರ ದಿನಕ್ಕೆ ಎರಡು ಮುಚ್ಚಳ.”

ಗಡ್ಡದವನು ಕಣ್ಣು ಮುಚ್ಚಿಕೊಂಡ. “ಪಾಪ, ಇದು ಹಸಿವಿನಿಂದ ಸಾಯ್ತಿಲ್ಲ, ಅಜೀರ್ಣದಿಂದ ಸಾಯ್ತಿದೆ. ಬೇರು ನೀರಲ್ಲಿ ಮುಳುಗಿ ಉಸಿರು ಕಟ್ಟಿದೆ, ಅದಕ್ಕೇ ಎಲೆ ಹಳದಿ. ಗೊಬ್ಬರ ಜಾಸ್ತಿಯಾಗಿ ತುದಿ ಸುಟ್ಟಿದೆ. ಮೇಲಿನ ಎರಡು ಅಂಗುಲ ಮಣ್ಣು ಒಣಗೋವರೆಗೂ ನೀರು ಮುಟ್ಟಿಸಬೇಡ. ಕಾಂಡ ನೋಡು, ಬೆಳಕು ಹುಡುಕಿಕೊಂಡು ಒಣಕಲಾಗಿ ಉದ್ದಕ್ಕೆ ಹೋಗಿದೆ. ದೀಪ ಕೆಳಗಿಳಿಸು. ಯಾವ ತಳಿ?”

“ಪುಂಡಿ.”

“ಪೂಂಡಿ! ಕೇಳೇ ಇಲ್ಲ. ಗಂಡು ಯಾವುದು, ಹೆಣ್ಣು ಯಾವುದು ನೋಡಿದ್ಯಾ?”

“ಪಲ್ಲೆಗೆ ಗಂಡಾದರೇನು, ಹೆಣ್ಣಾದರೇನು?”

“ಅಡುಗೆಗೆ ಹಾಕ್ತೀಯಾ?”

“ಬೇಳೆ ಹಾಕಿ ಕುದಿಸ್ತೀವಿ. ನಾಳೆ ಮನೆಯಲ್ಲಿ ಹನ್ನೆರಡು ಜನ ಊಟಕ್ಕೆ ಬರ್ತಾರೆ. ನನ್ನ ಹೆಂಡತಿ ಬಸುರಿ, ಎಲ್ಲರಿಗಿಂತ ಜಾಸ್ತಿ ಅವಳೇ ತಿನ್ನಬೇಕು.”

ಗಡ್ಡದವನ ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು. “ಬಸುರಿ ಹೆಂಗಸಿಗೆ ಗಾಂಜಾ ತಿನ್ನಿಸ್ತೀಯಾ? ಮನುಷ್ಯನಾ ನೀನು?”

ಬಸವಲಿಂಗಪ್ಪ ಗಿಡವನ್ನು ನೋಡಿದ. ಗೋಡೆಯ ಮೇಲಿದ್ದ ಗಾಂಜಾದ ದೊಡ್ಡ ಚಿತ್ರವನ್ನು ನೋಡಿದ. ಅದೇ ಐದು ಬೆರಳು, ಅದೇ ಗರಗಸದ ಅಂಚು. ಹೆಬ್ಬೆರಳು, ಚಪ್ಪಾಳೆ, ಮುದುಕನ ಟೋಪಿ ಎಲ್ಲದರ ಅರ್ಥ ಒಮ್ಮೆಗೇ ಹೊಳೆದು ಅವನ ಕಿವಿ ಕೆಂಪಾಯಿತು.

“ಇದು ಗಾಂಜಾ ಅಲ್ಲ. ಸೊಪ್ಪು! ತರಕಾರಿ! ನಮ್ಮಜ್ಜಿ ಇದನ್ನೇ ತಿಂದು ಹನ್ನೊಂದು ಹೆತ್ತಳು!”

“ಎಲ್ಲರೂ ಹಾಗೇ ಹೇಳ್ತಾರೆ,” ಎಂದ ಗಡ್ಡದವನು.

ಬಸವಲಿಂಗಪ್ಪ ಕುಂಡ ಕಟ್ಟಿಕೊಂಡು ಸೈಕಲ್ ಹತ್ತಿದ. ವಾಪಸು ಬರುವಾಗ ಯಾರು ಹೆಬ್ಬೆರಳು ಎತ್ತಿದರೂ ಸುಮ್ಮನಿರಲಿಲ್ಲ. “ತರಕಾರಿ!” ಎಂದು ಸಿಗ್ನಲ್ಲಿನಲ್ಲಿ ಕೂಗಿದ. “ತರಕಾರಿ!” ಎಂದು ಸೇತುವೆಯ ಮೇಲೆ ಕೂಗಿದ. ಯಾರೂ ಹೆಬ್ಬೆರಳು ಎತ್ತದ ಕಡೆಯೂ ಕೂಗಿದ. ನಾಲ್ಕನೆಯ ತಿರುವಿನಲ್ಲಿ ಹಾಗೆ ಕೂಗಿದ್ದು ಆ ಬಡಾವಣೆಯ ಪೊಲೀಸಿನವನ ಕಿವಿಯ ಪಕ್ಕದಲ್ಲೇ. ದೆ ವ್ರೀಸ್ ಎಂಬ ಆ ಪೊಲೀಸು ತನ್ನ ಸೈಕಲ್ಲನ್ನು ತಿರುಗಿಸಿ, ಅವಸರವೇನೂ ಇಲ್ಲದೆ ಹಿಂಬಾಲಿಸಿದ.

ಮನೆಯಲ್ಲಿ ಬೇರೊಂದು ಯುದ್ಧ ನಡೆದಿತ್ತು. ಕೆಳಗಿನ ಮನೆಯ ನಿವೃತ್ತ ಶಾಲಾ ಶಿಕ್ಷಕಿ ಮೆವ್ರೌ, ಅಂದರೆ ಶ್ರೀಮತಿ, ಹೂಕ್ಸ್ಟ್ರಾ ಕತ್ತರಿ ಹಿಡಿದುಕೊಂಡಿದ್ದರು. ಮೇಲಿನ ಮನೆಯ ಪೋಸ್ಟ್‌ಮ್ಯಾನ್ ಯೆಲ್ಲೆ ಸ್ಟೂಲಿನ ಮೇಲೆ ನಿಂತು ದೀಪ ಇಳಿಸುತ್ತಿದ್ದ. ಕುಂಡಗಳಿಗೆ ಬೆನ್ನು ಕೊಟ್ಟು, ಹೊಟ್ಟೆ ಮುಂದೆ ಮಾಡಿ, ಸೌಟು ಎತ್ತಿ ನಿಂತಿದ್ದಳು ವಿಜಯಾ.

“ನೋ ಕಟ್! ನೋ!” ಎಂದು ಇಂಗ್ಲಿಷಿನಲ್ಲಿ ಗದರಿ, ಗಂಡನನ್ನು ಕಂಡೊಡನೆ ಕನ್ನಡಕ್ಕೆ ಬಂದಳು. “ನೋಡ್ರಿ, ಈ ಮುದುಕಿ ನಮ್ಮ ಪುಂಡಿ ಕತ್ತರಸಾಕ ಬಂದಾಳ!”

“ಕ್ಷಮಿಸಪ್ಪಾ,” ಎಂದರು ಮೆವ್ರೌ. “ಎರಡು ವಾರದಿಂದ ಕೆಳಗಿನಿಂದ ನೋಡ್ತಾ ಇದ್ದೀನಿ. ಎಲೆ ಹಳದಿಯಾಗೋದು ನೋಡಿ ನಿದ್ದೆ ಬರ್ತಿಲ್ಲ. ಗಂಡು ಗಿಡ ಬೇಗ ಕಿತ್ತುಹಾಕಬೇಕು, ಇಲ್ಲದಿದ್ರೆ ಬೆಳೆಯೆಲ್ಲ ಹಾಳು. ನನ್ನ ಮಂಡಿನೋವಿಗೆ ನಾನೇ ಹಿತ್ತಲಲ್ಲಿ ಎರಡು ಬೆಳೆಸಿದ್ದೀನಿ, ಸುಮ್ಮನೆ ಹೇಳ್ತಿಲ್ಲ.”

“ಇದು ಗಾಂಜಾ ಅಲ್ಲ!”

“ಹೌದೌದು, ಅಲ್ಲವೇ ಅಲ್ಲ,” ಎಂದು ಯೆಲ್ಲೆ ಸ್ಟೂಲಿನ ಮೇಲಿಂದಲೇ ಕಣ್ಣು ಹೊಡೆದ. “ನಂದು ಕೂಡ ಟೊಮ್ಯಾಟೊ.”

ಅಷ್ಟರಲ್ಲಿ ನಾಳಿನ ಅಡುಗೆಗೆಂದು ದೊಡ್ಡ ಪಾತ್ರೆ ಹೊತ್ತು ವಾಮನ ಬಂದ. ಬೆಂಗಳೂರಿನವನು, ಬಸವಲಿಂಗಪ್ಪನ ವಿಭಾಗದಲ್ಲೇ ಕೆಲಸ. ಊರಿನಲ್ಲಿ ಪುಂಡಿ ಎಂಬ ಹೆಸರನ್ನೇ ಕೇಳಿರಲಿಲ್ಲ. ಕಿಟಕಿ ನೋಡಿದವನೇ ಪಾತ್ರೆಯನ್ನು ಎದೆಗೆ ಅವುಚಿಕೊಂಡ.

“ಏನ್ರೀ ಬಸವಲಿಂಗಪ್ಪ, ತಲೆ ಕೆಟ್ಟಿದ್ಯಾ? ನೆಕ್ಸ್ಟ್ ಮಂತ್ ಇಬ್ರದ್ದೂ ಪರ್ಮಿಟ್ ರಿನ್ಯೂವಲ್ ಇದೆ. ಇದನ್ನೆಲ್ಲ ಈಗಲೇ ಕೆನಾಲ್‌ಗೆ ಎಸೀರಿ!”

“ವಾಮನರ, ಇದು ಪುಂಡಿ ರೀ. ತಿನ್ನೂ ಸೊಪ್ಪು!”

“ನೋಡೋಕೆ ಹಂಗಿಲ್ವಲ್ಲ ಸ್ವಾಮಿ! ಕೆಳಗಡೆ ಬೇರೆ ಪೊಲೀಸ್ ಒಬ್ಬ ಸೈಕಲ್ ಲಾಕ್ ಮಾಡ್ತಿದ್ದಾನೆ!”

ದೆ ವ್ರೀಸ್ ಬಾಗಿಲು ಬಡಿದು, ಶೂ ಒರೆಸಿಕೊಂಡು ಒಳಗೆ ಬಂದ. ಬೆರಳು ಆಡಿಸುತ್ತ ಕುಂಡಗಳನ್ನು ಎಣಿಸಿದ. ಕಿಟಕಿಯಲ್ಲಿ ಆರು, ಬಸವಲಿಂಗಪ್ಪನ ಕಂಕುಳಲ್ಲಿ ಒಂದು.

“ಏಳು,” ಎಂದ. “ಐದರವರೆಗೆ ನಾವು ನೋಡಿಯೂ ನೋಡದ ಹಾಗೆ ಇರ್ತೀವಿ. ಎರಡು ನೀವೇ ಕಿತ್ತುಕೊಡಿ, ನಾನು ಹೋಗಿ ಮ್ಯಾಚ್ ನೋಡ್ತೀನಿ.”

ಎಲ್ಲರೂ ನಿಟ್ಟುಸಿರು ಬಿಟ್ಟರು. “ಥ್ಯಾಂಕ್ ಗಾಡ್,” ಎಂದ ವಾಮನ. ಮೆವ್ರೌ ಮತ್ತೆ ಕತ್ತರಿ ತೆಗೆದರು. ಸೊರಗಿದ ಎರಡನ್ನು ಕೊಟ್ಟರೂ ನಾಳೆಯ ಪಲ್ಲೆಗೆ ಐದು ಗಿಡ ಸಾಕಾಗುತ್ತಿತ್ತು.

ಆದರೆ ಬೆಳಗಿನಿಂದ ಅವಮಾನ ತಿಂದು ಸಾಕಾಗಿದ್ದ ಬಸವಲಿಂಗಪ್ಪ ಕಂಕುಳಲ್ಲಿದ್ದ ಕುಂಡವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ.

“ಎರಡಲ್ಲ, ಒಂದು ಎಲೆಯೂ ಕೊಡೋದಿಲ್ಲ,” ಎಂದ. “ಕೊಟ್ಟರೆ ನಾನು ಗಾಂಜಾ ಬೆಳೆದೆ ಅಂತ ಒಪ್ಪಿಕೊಂಡ ಹಾಗೆ. ನಾಳೆ ಹುಟ್ಟೋ ಮಗುವಿಗೆ ಏನು ಹೇಳಲಿ? ನಿನ್ನ ತಾಯಿಯ ಕುಬಸಕ್ಕೆ ಪೊಲೀಸರು ಐದು ಗಿಡ ಮಾಫಿ ಮಾಡಿದ್ದರು ಅಂತಲೇ? ಇದು ಸೊಪ್ಪು. ಪರೀಕ್ಷೆ ಮಾಡಿಸಿ!”

“ಎರಡೇ ಎರಡು ಕಣ್ರೀ!” ಎಂದು ವಾಮನ ಗೋಗರೆದ.

“ಒಂದೂ ಕೊಡಬ್ಯಾಡ್ರಿ,” ಎಂದಳು ವಿಜಯಾ. ಆಕೆಗೆ ಇಂಗ್ಲಿಷ್ ಅಷ್ಟಾಗಿ ತಿಳಿದಿರಲಿಲ್ಲ, ಆದರೆ ಗಂಡ ಸೆಟೆದು ನಿಂತದ್ದು ತಿಳಿದಿತ್ತು. ಮದುವೆಯಾದ ಮೇಲೆ ಆತ ಹಾಗೆ ನಿಂತದ್ದನ್ನು ಆಕೆ ನೋಡಿದ್ದು ಇದೇ ಮೊದಲು.

ಬಸವಲಿಂಗಪ್ಪ ಫೋನ್ ಎತ್ತಿ, ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ ಪರಿಚಯವಾಗಿದ್ದ ಸಸ್ಯಶಾಸ್ತ್ರದ ಡಾಕ್ಟರ್ ವಿಸ್ಸರ್ ಎಂಬಾಕೆಯನ್ನು ಕರೆದ. ಆಕೆ ಬರುವವರೆಗೆ ಅರ್ಧ ಗಂಟೆ ಎಲ್ಲರೂ ವಿಜಯಾ ಮಾಡಿದ ಚಹಾ ಕುಡಿಯುತ್ತ, ಮದುವೆಗೆ ಬಂದು ವರನನ್ನು ಕಾಯುವ ನೆಂಟರಂತೆ ಗೋಡೆಗುಂಟ ಕೂತರು.

ಡಾಕ್ಟರ್ ವಿಸ್ಸರ್ ಮಸೂರ ಹಿಡಿದು ಕಾಂಡ ನೋಡಿದರು, ಮೊಗ್ಗು ನೋಡಿದರು, ಎಲೆಯ ಚೂರೊಂದನ್ನು ನಾಲಿಗೆಗೆ ಹಚ್ಚಿದರು.

“ಹಿಬಿಸ್ಕಸ್ ಕ್ಯಾನಬಿನಸ್,” ಎಂದರು.

“ಕ್ಯಾನಬಿನಸ್!” ದೆ ವ್ರೀಸ್ ಪೆನ್ನು ತೆಗೆದ. ವಾಮನ ಪಾತ್ರೆಯೊಳಗೆ ತಲೆ ಇಡುವುದೊಂದು ಬಾಕಿ.

“ಪೂರ್ತಿ ಕೇಳಿ. ಎಲೆ ಗಾಂಜಾದ ಹಾಗೆ ಕಾಣತ್ತೆ ಅಂತ ಆ ಹೆಸರು, ಅಷ್ಟೇ. ಇದು ದಾಸವಾಳದ ಜಾತಿ. ಅಪ್ಪಟ ಸೊಪ್ಪು. ಬೇಕಾದ್ರೆ ತಿಂದು ನೋಡಿ.”

ದೆ ವ್ರೀಸ್ ಒಂದೆಲೆ ಕಿತ್ತು ಅಗಿದ. ಅವನ ಎರಡೂ ಕಣ್ಣು ಮುಚ್ಚಿ, ಕಿವಿ ಹಿಂದಕ್ಕೆ ಹೋಗಿ, ಮುಖ ಒಣದ್ರಾಕ್ಷಿಯಾಯಿತು. “ತರಕಾರಿ,” ಎಂದು ಕಷ್ಟಪಟ್ಟು ಒಪ್ಪಿಕೊಂಡ. ಮೆವ್ರೌ ಹೂಕ್ಸ್ಟ್ರಾ, ಎರಡು ವಾರ ನಿದ್ದೆಗೆಟ್ಟದ್ದು ದಂಡವಾಯಿತಲ್ಲಾ ಎನ್ನುವಂತೆ ಕತ್ತರಿಯನ್ನು ಚೀಲದಲ್ಲಿ ಹಾಕಿಕೊಂಡರು. ಯೆಲ್ಲೆಗಂತೂ ಆಪ್ತರೊಬ್ಬರು ತೀರಿಕೊಂಡಷ್ಟು ದುಃಖವಾಯಿತು.

ಬಸವಲಿಂಗಪ್ಪ ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತ. ಗೆದ್ದವನು ಅಲ್ಲಿಗೇ ಬಾಯಿ ಮುಚ್ಚಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

“ಸುಮ್ಮನೆ ಸೊಪ್ಪಲ್ಲ ಇದು! ನಮ್ಮ ಹೊಲದ ಪುಂಡಿ. ನಮ್ಮವ್ವ ಬೀಜವನ್ನು ಕೌದಿಯ ಅಂಚಿನಲ್ಲಿಟ್ಟು ಹೊಲಿದು ಕಳಿಸಿದ್ದಳು. ಮೂರು ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿಗೂ ಸಿಗಲಿಲ್ಲ!”

ಡಾಕ್ಟರ್ ವಿಸ್ಸರ್ ಮಸೂರವನ್ನು ಮತ್ತೆ ಮೇಲೆತ್ತಿದರು. ಈ ಸಲ ಎಲೆಯ ಕೆಳಭಾಗವನ್ನು ಬಹಳ ಹೊತ್ತು ನೋಡಿದರು.

“ಬೀಜಕ್ಕೆ ಆರೋಗ್ಯದ ಕಾಗದ ಮಾಡಿಸಿದ್ರಾ?”

“ಪುಂಡಿಗೇ? ಕಾಗದವೇ?”

“ಇಲ್ಲಿ ಒಂದು ಜಾತಿಯ ನುಸಿ ಇದೆ. ಯಾವುದು ಅಂತ ನನಗೂ ಗೊತ್ತಾಗ್ತಿಲ್ಲ. ಇದು ಹೊರಗೆ ಹೋದ್ರೆ ಈ ಊರ ಸುತ್ತ ಗಾಜಿನ ಮನೆಗಳಲ್ಲಿ ಬೆಳೆಯೋ ತರಕಾರಿಗಳ ಗತಿ ಏನು?” ಆಕೆ ನಿಜವಾಗಿಯೂ ನೊಂದುಕೊಂಡು ಪೊಲೀಸಿನವನ ಕಡೆ ತಿರುಗಿದರು. “ನಾನು ನೋಡಿಲ್ಲ ಅಂತ ಹೇಳೋಕೆ ಆಗಲ್ಲ.”

ದೆ ವ್ರೀಸ್ ಠಾಣೆಗೆ ಫೋನ್ ಮಾಡಿದ. ಠಾಣೆಯವರು ಇನ್ನೆಲ್ಲಿಗೋ ಮಾಡಿದರು. ಕಡೆಗೆ ಅವನು ಕೆಳಗಿಳಿದು ಹೋಗಿ ಎರಡು ಕಪ್ಪು ಪ್ಲಾಸ್ಟಿಕ್ ಚೀಲ ತಂದ.

“ಏಳೂ ಹೋಗಬೇಕು,” ಎಂದ. ಅವನಿಗೂ ಬೇಸರವಾಗಿತ್ತು, ಮ್ಯಾಚು ಅರ್ಧ ಮುಗಿದಿತ್ತು. “ಗಾಂಜಾ ಆಗಿದ್ದರೆ ಎರಡು ತಗೊಂಡು ಹೋಗಿರ್ತಿದ್ದೆ. ಹೊರದೇಶದ ಸೊಪ್ಪಿಗೆ ಅಂಥ ರಿಯಾಯಿತಿ ಇಲ್ಲ.”

ಮೊದಲ ಚೀಲದಲ್ಲಿ ನಾಲ್ಕು ಗಿಡ ಇಳಿದವು. ಬಸವಲಿಂಗಪ್ಪ ಹೆಂಡತಿಯ ಮುಖ ನೋಡಿದ. ನಾಳೆಯ ತಾಟು ನೆನಪಾಯಿತು. ಅವನು ಗಂಟಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

“ಸರ್, ಈಗ ಒಪ್ಪಿಕೊಳ್ತೀನಿ. ಇದರಲ್ಲಿ ಐದು ಗಾಂಜಾನೇ.”

“ತಡವಾಯ್ತು,” ಎಂದು ದೆ ವ್ರೀಸ್ ಇನ್ನೂ ಸೊಟ್ಟಗೇ ಇದ್ದ ತನ್ನ ಬಾಯಿಯನ್ನು ಒರೆಸಿಕೊಂಡ. “ನಾನು ತಿಂದು ನೋಡಿದ್ದೀನಿ.”

ಅವನು ಎರಡನೆಯ ಚೀಲದ ಬಾಯಿ ಕಟ್ಟಲು ಬಗ್ಗಿದಾಗ ವಿಜಯಾ ಮುಂದೆ ಬಂದಳು. ಚೀಲದೊಳಗೆ ಕೈ ಹಾಕಿ, ಹಿಡಿ ತುಂಬ ಎಲೆ ತರಿದು ಬಾಯಿಗೆ ತುಂಬಿಕೊಂಡು, ಪೊಲೀಸಿನವನ ಮುಖವನ್ನೇ ನೋಡುತ್ತ ಅಗಿಯತೊಡಗಿದಳು. ದೆ ವ್ರೀಸ್ ಎರಡೂ ಚೀಲಗಳ ಕಾಂಡಗಳನ್ನು ಎಣಿಸಿದ. ಒಟ್ಟು ಏಳೂ ಇದ್ದವು. ಎಲೆ ಎಣಿಸಲು ಯಾರೂ ಹೇಳಿರಲಿಲ್ಲವಾದ್ದರಿಂದ ಅವನು ಕಿಟಕಿಯ ಹೊರಗಿನ ಕಿತ್ತಳೆ ತೋರಣದ ಕಡೆ ತಿರುಗಿ ನಿಂತ.

ವಿಜಯಾ ಎರಡನೆಯ ಹಿಡಿಗೆ ಕೈ ಹಾಕಿ ಗಂಡನ ಕಡೆ ನೋಡಿದಳು.

“ಏನ್ ನೋಡ್ಕೋತ ನಿಂತೀರಿ? ಉಪ್ಪು ತರ್ರಿ.”