ಅಕ್ಕನ ಉಡಿ, ನನ್ನ ನಿಂಬೆ ಟೊಂಗೆ

ಗಿಡಗಳ ರೋಗದ ವಿಷಯದಲ್ಲಿ ಇಂಡಿ ತಾಲೂಕಿನಲ್ಲಿ ನನ್ನಷ್ಟು ತಿಳಿದವರು ಇರಲಿಲ್ಲ. ಇದು ನನ್ನದೇ ಅಭಿಪ್ರಾಯ. ಗ್ರಾಮಸೇವಕನಾಗಿ ಲಚ್ಯಾಣದ ಕಟ್ಟೆಯ ಮೇಲೆ ನಿಂತು, "ಪರ ಊರಿನ ಸಸಿ ತರಬ್ಯಾಡ್ರಿ, ಅದರ ಜೋಡಿ ಹುಳಾನೂ ಬರ್ತಾವ" ಎಂದು ರೈತರಿಗೆ ಉಪದೇಶ ಮಾಡುವುದೇ ನನ್ನ ಉದ್ಯೋಗವಾಗಿತ್ತು.

ಅಂಥ ನಾನು ಹೆಂಡತಿ ಶಾಂತವ್ವನೊಂದಿಗೆ ಹಡಗು ಹತ್ತಿ ಮೊಂಬಾಸಾಕ್ಕೆ ಹೋದೆ. ಅಲ್ಲಿ ರೈಲ್ವೆ ಕೆಲಸದಲ್ಲಿದ್ದ ಷಡ್ಡಕ, ಅಂದರೆ ಅವಳ ಅಕ್ಕನ ಗಂಡ, ಟಿಕೆಟ್ ಕಳಿಸಿದ್ದ. ಏಳು ವರ್ಷಗಳ ಮೇಲೆ ಅಕ್ಕತಂಗಿಯರು ಭೇಟಿಯಾದರು. ಹೊರಡುವ ದಿನ ಅಕ್ಕ ಅಳುತ್ತಲೇ ತಂಗಿಗೆ ಉಡಿ ತುಂಬಿದಳು: ಅಕ್ಕಿ, ತೆಂಗಿನಕಾಯಿ, ಅರಿಷಿಣಬೇರು, ಒಂದು ಕುಬಸದ ಖಣ. ಶಾಂತವ್ವ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡಳು. ತನ್ನ ಮನೆಯ ದೇವರ ಮುಂದೆಯೇ ಅದನ್ನು ಬಿಚ್ಚಬೇಕು, ನಡುವೆ ಯಾರೂ ಮುಟ್ಟುವಂತಿಲ್ಲ.

ಯಾರೂ ಮುಟ್ಟದ ಗಂಟು! ನನ್ನ ತಲೆ ಓಡಿತು. ಷಡ್ಡಕನ ಪಕ್ಕದ ಮನೆಯ ಹಿತ್ತಲಲ್ಲಿ ಮುಷ್ಟಿಗಾತ್ರದ ಕಾಯಿ ಬಿಡುವ ನಿಂಬೆ ಗಿಡವಿತ್ತು. ಇಂಡಿಯಲ್ಲಿ ಅದನ್ನು ಕಸಿ ಕಟ್ಟಿದರೆ ಊರೆಲ್ಲ ನನ್ನ ಹೆಸರು ಹೇಳುತ್ತದೆಂದು ಮೂರು ಟೊಂಗೆ ಮುರಿದೆ. ಒದ್ದೆ ಅರಿವೆ ಸುತ್ತಿ, ಅವಳು ಸ್ನಾನಕ್ಕೆ ಹೋದಾಗ ಗಂಟಿನೊಳಗೆ ತುರುಕಿದೆ.

ಮುಂಬಯಿ ಬಂದರಿನ ಸುಂಕದ ಅಧಿಕಾರಿ ಸೊಲ್ಲಾಪುರದ ಕಡೆಯವರು, ಕನ್ನಡ ಬಲ್ಲವರು.

"ಗಿಡ, ಬೀಜ, ಮಣ್ಣು ಏನರ ಐತೇನ್ರಿ?"

ಫಾರ್ಮಿನಲ್ಲಿ 'ಇಲ್ಲ' ಎಂದು ಬರೆದು, ಕೆಳಗೊಂದು ಗೆರೆಯನ್ನೂ ಎಳೆದೆ.

"ಆ ಗಂಟು?"

"ನಮ್ಮಕ್ಕ ತುಂಬಿದ ಉಡಿರಿ," ಎಂದಳು ಶಾಂತವ್ವ. "ಅಕ್ಕಿ, ಕಾಯಿ, ಅರಿಷಿಣಬೇರು, ಖಣ. ಬ್ಯಾರೆ ಏನಿಲ್ರಿ."

"ಅದಕ್ಕೂ ನಿಯಮ ಐತ್ರಿ. ಆದ್ರ ಅಕ್ಕನ ಉಡಿ ಹೆಂಗ ಬಿಚ್ಚಸ್ಲಿ? ನಿಮ್ಮ ಮಾತಿನ ಮ್ಯಾಲ ಬಿಡ್ತೇನಿ, ಹೋಗ್ರಿ ತಾಯಿ."

ಹೋಗಬೇಕಿತ್ತು. ನಾನು ನಿಂತೆ. ಹುಳಗಳ ಅಪಾಯದ ಬಗ್ಗೆ ಅವರಿಗೂ ಒಂದು ಉಪದೇಶ ಶುರು ಮಾಡಿದೆ. ಅಷ್ಟರಲ್ಲಿ ಗಂಟಿನ ಸಂದಿಯಿಂದ ಹಸಿರು ಹುಳವೊಂದು ಹೊರಬಂದು ನನ್ನ ಫಾರ್ಮಿನ ಮೇಲೆ ನಡೆಯತೊಡಗಿತು.

"ಇದ್ಯಾವ ಹುಳರಿ?" ಅಧಿಕಾರಿ ಕೇಳಿದರು.

ಕಲಿತ ವಿದ್ಯೆ ಸುಮ್ಮನಿರುತ್ತದೆಯೇ? "ನಿಂಬಿ ಎಲಿ ತಿನ್ನೂ ಹುಳರಿ," ಎಂದುಬಿಟ್ಟೆ.

ಗಂಟು ಬಿಚ್ಚಿಸಿದರು. ನನ್ನ ಟೊಂಗೆಗಳ ಜೊತೆಗೆ ಅಕ್ಕನ ಅಕ್ಕಿ, ಕಾಯಿ, ಅರಿಷಿಣ, ಖಣ ಎಲ್ಲವೂ ನಿಯಮದ ಪ್ರಕಾರ ಬೆಂಕಿಗೆ ಹೋದವು. "ತಪ್ಪು ನಿಮ್ದಲ್ಲ ತಾಯಿ," ಎಂದ ಅಧಿಕಾರಿ ನನ್ನ ಕಡೆ ನೋಡಿದರು. ಶಾಂತವ್ವ ಖಾಲಿ ಸೆರಗು ಹಿಡಿದು ನಿಂತಿದ್ದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮನೆ ಸೇರಿದ ಮೇಲೆ ಶಾಂತವ್ವ ಕಾಗದ, ಪೆನ್ನು ತಂದು ನನ್ನ ಮುಂದಿಟ್ಟಳು.

"ಅಕ್ಕಗ ಬರೀರಿ. ಉಡಿ ಮನಿ ಮುಟ್ಟಲಿಲ್ಲ, ಒಳಗ ಹುಳ ಹೊಕ್ಕಿತ್ತು ಅಂತ."

ಬರೆದೆ.

"ಹುಳದ ಹೆಸರೂ ಬರೀರಿ."

ಹೋದ ಜೀವ ಬಂದಂತಾಯಿತು. ಉತ್ಸಾಹದಿಂದ ಅದರ ಶಾಸ್ತ್ರೀಯ ಹೆಸರನ್ನೇ ಬರೆಯಹೊರಟೆ.

"ಅದರದ್ದಲ್ರಿ," ಎಂದಳು. "ನಿಮ್ದು."

ಬರೆದೆ, ಹುದ್ದೆಯ ಸಮೇತ.