ಪೆಟ್ರೋಲ್ ಬೆಲೆ ಯಾಕೆ ಏರಿತೆಂದು ನಾನು ವಿವರಿಸಿದ್ದು

ಅರ್ಥಶಾಸ್ತ್ರದ ಮೇಷ್ಟ್ರಾದವನಿಗೆ ಒಂದು ಶಾಶ್ವತವಾದ ಕಷ್ಟವಿದೆ. ಯಾವ ಪದಾರ್ಥದ ಬೆಲೆ ಏರಿದರೂ ಜನ ಅವನ ಮುಖ ನೋಡುತ್ತಾರೆ. ಡಾಕ್ಟರನ್ನು ಕಂಡವರು ಕಾಯಿಲೆ ಹೇಳಿಕೊಂಡು ಔಷಧಿ ಕೇಳುತ್ತಾರೆ. ನನ್ನನ್ನು ಕಂಡವರು ಈರುಳ್ಳಿ, ತೊಗರಿಬೇಳೆ, ಅಡುಗೆ ಗ್ಯಾಸಿನ ಬೆಲೆ ಹೇಳಿ, ಏರಿಸಿದವನು ನಾನೇ ಎಂಬಂತೆ ಸಮಜಾಯಿಷಿ ಕೇಳುತ್ತಾರೆ. ನನ್ನ ಹೆಂಡತಿಯಂತೂ ಮಾರ್ಕೆಟ್ಟಿನಿಂದ ಬಂದವಳೇ ತರಕಾರಿ ಚೀಲವನ್ನು ನನ್ನ ಎದುರಿಗೆ ಕುಕ್ಕಿ, "ನೋಡಿ, ನಿಮ್ಮ ಎಕನಾಮಿಕ್ಸು" ಎಂದು ಒಳಗೆ ಹೋಗುತ್ತಾಳೆ. ಇದರಿಂದ ನನಗೆ ಬೇಸರವಾಗುತ್ತದೆ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ಬಂದಿದ್ದೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನಗೆ ಬೇಸರವಾಗುವುದಿಲ್ಲ. ಕಾಲೇಜಿನಲ್ಲಿ ಸಂಬಳ ಕೊಟ್ಟು ಹೇಳಿಸುವ ಮಾತನ್ನು ಬೀದಿಯಲ್ಲಿ ಜನ ತಾವಾಗಿ ಬಂದು ಕೇಳಿದರೆ ಯಾವ ಮೇಷ್ಟ್ರಿಗೆ ತಾನೇ ಸಂತೋಷವಾಗುವುದಿಲ್ಲ?

ನಾನಿರುವುದು ತುಮಕೂರಿನಲ್ಲಿ, ಪಾಠ ಹೇಳುವುದು ಗುಬ್ಬಿಯಲ್ಲಿ. ದಿನವೂ ಸ್ಕೂಟರಿನಲ್ಲಿ ಹೋಗಿ ಬರುವುದರಿಂದ ಪೆಟ್ರೋಲ್ ನನಗೆ ಬರೀ ಪಾಠದ ವಿಷಯವಲ್ಲ, ಸ್ವಂತ ದುಃಖ. ಅದರ ಬೆಲೆ ಲೀಟರಿಗೆ ನೂರು ದಾಟಿದ ಮೇಲೆ ತರಗತಿಯಲ್ಲಿ ನಾನು ಅದನ್ನು ಎಷ್ಟು ಸಲ ವಿವರಿಸಿದೆನೆಂದರೆ, ಒಬ್ಬ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ, "ಪೆಟ್ರೋಲ್ ಬೆಲೆ ಏರಲು ಕಾರಣಗಳು ಅನೇಕ. ಕೆಲವನ್ನು ನಮ್ಮ ಸಾರ್ ಹೇಳಿದ್ದಾರೆ. ಉಳಿದವು ಇನ್ನೂ ಗಂಭೀರವಾದವು" ಎಂದು ಬರೆದು ಅಲ್ಲಿಗೇ ನಿಲ್ಲಿಸಿದ್ದ. ಆ ಉಳಿದವು ಯಾವುವು ಎಂದು ನಾನು ಇಂದಿಗೂ ಯೋಚಿಸುತ್ತಿದ್ದೇನೆ.

ಇಂಥ ನನ್ನನ್ನು ಒಂದು ದಿನ ಕುಣಿಗಲ್ಲಿನಿಂದ ನಮ್ಮಕ್ಕ ಫೋನ್ ಮಾಡಿ ಸಹಾಯಕ್ಕೆ ಕರೆದಳು.

ನಮ್ಮಕ್ಕ ಶಿವಗಂಗಮ್ಮ, ಊರವರ ಬಾಯಲ್ಲಿ ಗಂಗಕ್ಕ, ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಮೊದಲು ಓಡಿಸುತ್ತಿದ್ದವರು ಭಾವ ಮಹದೇವಯ್ಯ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದು, ಎದುರಿಗೆ ಬರುವುದು ಲಾರಿಯೋ ಹುಲ್ಲಿನ ಗಾಡಿಯೋ ತಿಳಿಯದ ಹಾಗಾದಾಗ, ವ್ಯಾನ್ ಮಾರಿಬಿಡಿ ಎಂದು ನೆಂಟರೆಲ್ಲ ಹೇಳಿದೆವು. ಅಕ್ಕ ಒಪ್ಪಲಿಲ್ಲ. ಕುಣಿಗಲ್ ಕೆರೆಯ ಏರಿಯ ಪಕ್ಕದ ರಸ್ತೆಯಲ್ಲಿ ಬೆಳಗ್ಗೆ ಬೆಳಗ್ಗೆ ತಾನೇ ಓಡಿಸುವುದನ್ನು ಕಲಿತಳು. ಪಕ್ಕದಲ್ಲಿ ಕೂತು ಕಲಿಸುತ್ತಿದ್ದವರು ಭಾವನೇ. ರಸ್ತೆ ಕಾಣದಿದ್ದರೂ ಇಂಜಿನ್ನಿನ ಸದ್ದು ಕೇಳಿಕೊಂಡೇ, "ಗಾಡಿ ಅಳ್ತಾ ಐತೆ, ಗೇರ್ ಬದ್ಲಾಯ್ಸು" ಎನ್ನುತ್ತಿದ್ದರಂತೆ. ನೋಡಲು ಬಂದವರು ನಕ್ಕರು. ಅಕ್ಕ ಲೈಸೆನ್ಸ್ ತೆಗೆದುಕೊಂಡಳು, ಮಾರ್ಕೋನಹಳ್ಳಿ ಕಡೆಯ ಊರೊಂದರಿಂದ ಮಕ್ಕಳನ್ನು ಕುಣಿಗಲ್ಲಿನ ಸ್ಕೂಲಿಗೆ ಕರೆತಂದು ಬಿಡುವ ಅದೇ ಕೆಲಸವನ್ನು ಮುಂದುವರಿಸಿದಳು. ಅವರ ಮನೆ ನಡೆಯುವುದು, ಭಾವನ ಔಷಧಿ ಬರುವುದು, ಎರಡೂ ಆ ವ್ಯಾನಿನಿಂದಲೇ.

"ಪೆಟ್ರೋಲ್ ಪುನಃ ಏರ್ಸವ್ರೆ ಕಣೋ" ಎಂದಳು ಫೋನಿನಲ್ಲಿ. "ತಿಂಗಳ ಬಾಡಿಗೆ ಸ್ವಲ್ಪ ಜಾಸ್ತಿ ಮಾಡ್ದಿದ್ರೆ ವ್ಯಾನ್ ನಿಲ್ಲಿಸ್ಬೇಕಾಗತ್ತೆ. ಭಾನುವಾರ ಮಕ್ಕಳ ಅಪ್ಪ-ಅಮ್ಮಂದ್ರನ್ನೆಲ್ಲ ಸೇರಿಸ್ತಾ ಇದೀನಿ. ನಾನ್ ಹೇಳಿದ್ರೆ ಇವಳೇನೋ ಕಿತ್ಕೊಳ್ತಾವ್ಳೆ ಅನ್ಕೋತಾರೆ. ನೀನ್ ಲೆಕ್ಚರರ್ ಅಲ್ವೇನೋ, ಬಂದು ಎರಡು ಮಾತು ಹೇಳ್ಬುಡು."

ಅವಳು ಹೇಳಿದ್ದು ಎರಡು ಮಾತು ಎಂದು. ನಾನು ಅದನ್ನು ಗಮನಿಸಲಿಲ್ಲ.

ಭಾನುವಾರ ಆ ಊರಿನ ಸಮುದಾಯ ಭವನದಲ್ಲಿ ಜಮಖಾನ ಹಾಸಿತ್ತು. ಮುಂದೆ ಕೂತಿದ್ದವರು ರೇವಣ್ಣ ಮತ್ತು ಹೊನ್ನೇಗೌಡರು. ಇಬ್ಬರಿಗೂ ತೆಂಗಿನ ತೋಟ, ತೋಟಕ್ಕೆ ತೋಟ ಅಂಟಿಕೊಂಡಿದೆ. ಇಬ್ಬರ ಮೊಮ್ಮಕ್ಕಳೂ ಅಕ್ಕನ ವ್ಯಾನಿನಲ್ಲೇ ಹೋಗುತ್ತಿದ್ದರು. ಅವರ ಹಿಂದೆ ಭಾಗ್ಯಮ್ಮ ಎಂಬಾಕೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ಮೂರನೇ ಕ್ಲಾಸಿನ ಮಗಳು ಸಿಂಚನಾಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಆ ಮಗುವಿಗೆ ಎಲ್ಲಿ ಕೂತರೂ ನಿದ್ದೆ. ಅದಕ್ಕೇ ಅಕ್ಕ ಅವಳನ್ನು ವ್ಯಾನಿನಲ್ಲಿ ಮುಂದಿನ ಸೀಟಿನಲ್ಲೇ ಕೂರಿಸಿಕೊಳ್ಳುತ್ತಿದ್ದಳು.

ನಾನು ಎದ್ದು ನಿಂತು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಲೋಟದ ಚಿತ್ರ ಬರೆದೆ. ಇದು ಒಂದು ಲೀಟರ್ ಪೆಟ್ರೋಲ್ ಎಂದೆ. ತಳದಲ್ಲಿ ಗೆರೆ ಎಳೆದು, ಇಷ್ಟು ಕಚ್ಚಾ ಎಣ್ಣೆಯ ಬೆಲೆ, ನಮಗೆ ಬೇಕಾದ ಎಣ್ಣೆಯಲ್ಲಿ ಬಹುಪಾಲು ಹೊರದೇಶದಿಂದ ಬರಬೇಕು, ಅಲ್ಲಿ ಯುದ್ಧವಾದರೆ ಏರುತ್ತದೆ, ಅವರೇ ಒಟ್ಟಾಗಿ ಕಡಿಮೆ ತೆಗೆದರೂ ಏರುತ್ತದೆ, ಡಾಲರಿನ ಎದುರು ನಮ್ಮ ರೂಪಾಯಿ ಸೊರಗಿದರೂ ಏರುತ್ತದೆ ಎಂದೆ. ಮೇಲೊಂದು ಗೆರೆ ಎಳೆದು, ಇದು ಶುದ್ಧ ಮಾಡುವ ಮತ್ತು ಸಾಗಿಸುವ ಖರ್ಚು. ಅದರ ಮೇಲೆ ಕೇಂದ್ರ ಸರ್ಕಾರದ ಸುಂಕ. ಆಮೇಲೆ ಬಂಕಿನವರ ಕಮಿಷನ್. ಇಷ್ಟರ ಮೇಲೂ ಸೇರಿಸಿ ರಾಜ್ಯ ಸರ್ಕಾರದ ಮಾರಾಟ ತೆರಿಗೆ. ಅಂದರೆ ತೆರಿಗೆಯ ಮೇಲೂ ತೆರಿಗೆ. ಹೊರಗೆ ಎಣ್ಣೆ ಅಗ್ಗವಾದಾಗ ಸುಂಕ ಹೆಚ್ಚಿಸಿ ಆ ಉಳಿತಾಯವನ್ನು ಖಜಾನೆಗೆ ತಿರುಗಿಸಿಕೊಂಡದ್ದೂ ಉಂಟು. ಚುನಾವಣೆ ಹತ್ತಿರ ಬಂದಾಗ ದಿನವೂ ಬದಲಾಗಬೇಕಾದ ದರ ತಿಂಗಳುಗಟ್ಟಲೆ ಕದಲದೆ ನಿಂತದ್ದೂ ಉಂಟು. ಜಿಎಸ್‌ಟಿಗೆ ಪೆಟ್ರೋಲನ್ನು ಬಿಟ್ಟುಕೊಡಲು ಕೇಂದ್ರ, ರಾಜ್ಯ ಇಬ್ಬರಿಗೂ ಮನಸ್ಸಿಲ್ಲ ಎಂದೆ. ನನ್ನ ಪಾಠ ಅಷ್ಟು ಚೆನ್ನಾಗಿ ಕಾಲೇಜಿನಲ್ಲಿ ಎಂದೂ ಬಂದಿರಲಿಲ್ಲ. ಯಾರೂ ಎದ್ದು ಹೋಗುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಮಾತ್ರ ಸಾಕು ಎಂದು ಕೈಸನ್ನೆ ಮಾಡುತ್ತಿದ್ದಳು. ಮೆಚ್ಚುಗೆಯೆಂದು ತಿಳಿದು ಮುಂದುವರಿದೆ.

"ನಮ್ ದೇಶದಾಗೆ ಎಣ್ಣೆ ಇಲ್ವಾ ಸಾ?" ಎಂದರು ರೇವಣ್ಣ.

"ಇದೆ, ಸಾಲದು. ಇರುವ ಬಾವಿಗಳು ಹಳೆಯವಾದವು. ಹೊಸದಾಗಿ ಕೊರೆಯಬೇಕು. ಅದಕ್ಕೆ ಬಹಳ ಕಾಲ, ಬಹಳ ಹಣ. ಕೊರೆದರೂ ಸಿಕ್ಕೇ ಸಿಗುತ್ತದೆ ಎಂದು ಹೇಳುವ ಹಾಗಿಲ್ಲ."

"ಅದ್ ನಮಗೂ ಗೊತ್ತು ಬುಡಿ" ಎಂದರು ರೇವಣ್ಣ, ಬಹಳ ನೊಂದವರಂತೆ. "ನಾನೂ ಮೂರ್ ಬೋರ್ ಕೊರೆಸಿದೀನಿ."

ಇಲ್ಲಿಯವರೆಗೂ ಸಭೆ ನನ್ನ ಕೈಯಲ್ಲಿತ್ತು. ಆಗ ಹೊನ್ನೇಗೌಡರು ಎದ್ದು ಹೋಗಿ ಗೋಡೆಯ ಮೇಲಿನ ಲೋಟವನ್ನು ಹತ್ತಿರದಿಂದ ನೋಡಿ, ಮಧ್ಯದ ಗೆರೆಯ ಮೇಲೆ ಬೆರಳಿಟ್ಟು, "ಇದ್ ಯಾರ್ದು ಅಂದ್ರಿ? ಸೆಂಟ್ರಲ್‌ನೋರ್ದಾ? ನಾನು ಹೇಳ್ಲಿಲ್ವಾ, ಎಲ್ಲಾ ಅವರ್ದೇ ಕೆಲ್ಸ" ಎಂದರು.

"ಮೇಲ್ಗಡೇದು ಕಾಣಕ್ಕಿಲ್ವಾ ನಿಂಗೆ?" ರೇವಣ್ಣ ಕೂತಲ್ಲಿಂದಲೇ ಗದರಿದರು. "ಈಗ ಏರ್ಸಿದ್ದು ಸ್ಟೇಟ್‌ನೋರು. ಅದ್ನ ಹೇಳು."

"ಸೆಂಟ್ರಲ್‌ನೋರು ಕೊಡ್ಬೇಕಾದ್ದು ಕೊಟ್ಟಿದ್ರೆ ಇವರ್ ಯಾಕ್ ಏರ್ಸ್ತಿದ್ರು?" ಎಂದರು ಹೊನ್ನೇಗೌಡರು.

ಮುಂದಿನ ಮಾತುಗಳನ್ನು ಬರೆಯುವಂತಿಲ್ಲ. ಜಮಖಾನದ ಮೇಲೆ ಕೂತಿದ್ದವರು ತಮಗೇ ಗೊತ್ತಿಲ್ಲದಂತೆ ಎರಡು ಭಾಗವಾದರು. ಯಾರೋ, "ಸಾ, ನೀವ್ ಯಾರ್ ಕಡೆ, ಅದ್ ಹೇಳಿ ಮೊದ್ಲು" ಎಂದು ಕೂಗಿದರು. ಇಬ್ಬರದೂ ಪಾಲಿದೆ ಎಂದೆ. ಅಲ್ಲಿಯವರೆಗೆ ಅರ್ಧ ಜನ ಮಾತ್ರ ನನ್ನ ಮೇಲೆ ಸಿಟ್ಟಾಗಿದ್ದರು. ಕೊನೆಗೆ ರೇವಣ್ಣ, "ಗಂಗಕ್ಕ, ಸೆಂಟ್ರಲ್‌ನೋರ ಪಾಲು ಎಷ್ಟೈತೋ ಅಷ್ಟು ಜಾಸ್ತಿ ಕೊಡ್ತೀನಿ. ಸ್ಟೇಟ್‌ನೋರು ಏರ್ಸಿದ್ದು ಮಾತ್ರ ನನ್ನ್ ಕೇಳ್ಬ್ಯಾಡ" ಎಂದು ಟವೆಲ್ ಕೊಡವಿ ಎದ್ದರು. ಹೊನ್ನೇಗೌಡರು ಇದನ್ನೇ ತಿರುಗಿಸಿ ಹೇಳಿ ಇನ್ನೊಂದು ಬಾಗಿಲಿನಿಂದ ಹೊರಟರು.

ಜನ ಚದುರುವುದನ್ನು ಕಂಡು ಹೇಗಾದರೂ ಸಭೆಯನ್ನು ಒಳ್ಳೆಯ ಮಾತಿನಿಂದ ಮುಗಿಸಬೇಕೆಂದು, "ಬೆಲೆ ನಮ್ಮ ಕೈಯಲ್ಲಿಲ್ಲ. ಕಡಿಮೆ ಪೆಟ್ರೋಲ್ ಸುಡುವುದು ಮಾತ್ರ ನಮ್ಮ ಕೈಯಲ್ಲಿದೆ. ಸಾಧ್ಯವಾದವರೆಲ್ಲ ಬಸ್ಸು ಹತ್ತಬೇಕು" ಎಂದುಬಿಟ್ಟೆ. ಭಾಗ್ಯಮ್ಮ ನಿದ್ದೆಯಲ್ಲಿದ್ದ ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. "ನೀವ್ ಹೇಳೋದು ಸರಿ ಸಾರ್. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಐತಲ್ಲ" ಎಂದು ಕೈ ಮುಗಿದು ಹೋದಳು.

ಮರುದಿನದಿಂದ ಅಕ್ಕನ ವ್ಯಾನಿಗೆ ಹೆಣ್ಣುಮಕ್ಕಳು ಬರಲಿಲ್ಲ. ರೇವಣ್ಣ, ಹೊನ್ನೇಗೌಡರ ಮೊಮ್ಮಕ್ಕಳು ಬಂದರು, ಆದರೆ ಹಳೆಯ ಬಾಡಿಗೆಗೆ. ಅರ್ಧ ಖಾಲಿ ವ್ಯಾನಿಗೂ ತುಂಬಿದ ವ್ಯಾನಿಗೂ ಪೆಟ್ರೋಲ್ ಒಂದೇ ತಾನೇ. ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನ್ ಮಾಡಿದರೆ ಭಾವನ ಕೈಗೆ ಕೊಡುತ್ತಿದ್ದಳು. ಭಾವ ದೊಡ್ಡ ಮನುಷ್ಯರು, "ನೀನ್ ಹೇಳಿದ್ದೆಲ್ಲ ನಿಜಾನೇ ಅಂತೆ ಕಣಪ್ಪ" ಎನ್ನುತ್ತಿದ್ದರು. ಅದನ್ನು ಕೇಳಿ ನನಗೆ ಇನ್ನಷ್ಟು ಕಷ್ಟವಾಗುತ್ತಿತ್ತು. ಇದರ ನಡುವೆ ವ್ಯಾನನ್ನು ಯಾರೋ ಬಂದು ನೋಡಿಕೊಂಡು ಹೋದರೆಂದೂ, ಬೆಲೆ ಕೇಳಿದರೆಂದೂ ಭಾವನೇ ಹೇಳಿದರು.

ಕೆಲವು ವಾರ ಕಳೆದವು. ಒಂದು ದಿನ ಭಾವನನ್ನು ಕಣ್ಣಿನ ಆಸ್ಪತ್ರೆಗೆಂದು ತುಮಕೂರಿಗೆ ಕರೆಸಿಕೊಂಡು, ಸಂಜೆ ನಾನೇ ಬಸ್ಸಿನಲ್ಲಿ ಕುಣಿಗಲ್ಲಿಗೆ ಬಿಡಲು ಬಂದೆ. ಅಕ್ಕ ಆಗತಾನೇ ಮಕ್ಕಳನ್ನು ಬಿಟ್ಟು ಬಂದಿದ್ದಳು. ನನ್ನ ಮುಂದೆ ಕಾಫಿ ಇಟ್ಟು, ಆಸ್ಪತ್ರೆಯ ವಿಷಯವನ್ನೆಲ್ಲ ಭಾವನನ್ನೇ ಕೇಳಿದಳು. ಆಗ ಅವಳ ಫೋನ್ ಹೊಡೆದುಕೊಂಡಿತು. ಆ ಕಡೆಯಿಂದ ಭಾಗ್ಯಮ್ಮ ಅಳುತ್ತಿದ್ದದ್ದು ನನಗೂ ಕೇಳಿಸಿತು.

"ಗಂಗಕ್ಕ, ಸಿಂಚನಾ ಬಂದಿಲ್ಲ ಕಣಕ್ಕಾ. ಬಸ್ಸಲ್ಲಿ ಹಿಂದ್ಗಡೆ ಸೀಟಲ್ಲಿ ನಿದ್ದೆ ಹೋಗಿದ್ಲಂತೆ. ದೊಡ್ಡ ಹುಡುಗೀರು ಗೇಟಲ್ಲಿ ಇಳ್ಕೊಂಡ್ ಬಂದ್ಬುಟ್ಟವ್ರೆ, ಇವಳ್ನ ಎಬ್ಬಿಸೋದೇ ಮರ್ತವ್ರೆ. ಈಗ ಹೇಳ್ತಾವ್ರೆ. ನಾನ್ ಏನ್ಮಾಡ್ಲಿ?"

ಹೆದ್ದಾರಿಯಿಂದ ಊರಿಗೆ ತಿರುಗುವ ಜಾಗಕ್ಕೆ ನಮ್ಮ ಕಡೆ ಗೇಟು ಎನ್ನುತ್ತಾರೆ. ಬಸ್ಸು ಅಲ್ಲಿಂದ ನೇರವಾಗಿ ಹಾಸನದ ದಾರಿ ಹಿಡಿಯುತ್ತದೆ. ಅಕ್ಕ, "ನೀನ್ ಗೇಟಲ್ಲೇ ಇರು. ನಾನ್ ಹೋಗ್ತೀನಿ" ಎಂದು ಫೋನ್ ಇಟ್ಟು ಚಪ್ಪಲಿ ಮೆಟ್ಟಿದಳು. ನಾನು ಓಡಿಹೋಗಿ ವ್ಯಾನಿನಲ್ಲಿ ಅವಳ ಪಕ್ಕದ ಸೀಟಿನಲ್ಲಿ ಕೂತೆ.

ಅಕ್ಕ ಅಷ್ಟು ಜೋರಾಗಿ ಗಾಡಿ ಓಡಿಸಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಲಾರಿಗಳ ಪಕ್ಕದಲ್ಲಿ ಹಾದುಹೋಗುವಾಗ ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಎದುರಿನ ಮುಳ್ಳು ನೋಡಿದರೆ ಟ್ಯಾಂಕು ತಳ ಸೇರಿತ್ತು. "ಅಕ್ಕಾ, ಪೆಟ್ರೋಲ್..." ಎಂದೆ.

"ಸುಮ್ನೆ ಕೂತ್ಕೊಳೋ" ಎಂದಳು. ಅಷ್ಟು ವಾರಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

ಸುಮ್ಮನೆ ಕೂತವನಿಗೆ ಹೆದರಿಕೆ ಹೆಚ್ಚು. ಆ ಮಗು ಎಲ್ಲೋ ಎಚ್ಚರವಾಗಿ, ಗಾಬರಿಯಲ್ಲಿ ಗೊತ್ತಿಲ್ಲದ ಜಾಗದಲ್ಲಿ ಇಳಿದು, ಈ ಲಾರಿಗಳ ನಡುವೆ ರಸ್ತೆ ದಾಟುತ್ತಿರುವ ಹಾಗೆ ಕಣ್ಣಿಗೆ ಕಟ್ಟಿತು. ಬಸ್ಸು ಹತ್ತಬೇಕು ಎಂದು ಸಾರಿದವನು ನಾನು. ಕಚ್ಚಾ ಎಣ್ಣೆ, ಡಾಲರು, ಸುಂಕ, ಎಲ್ಲ ಗೊತ್ತಿದ್ದವನಿಗೆ ಆ ಮಗು ಎಲ್ಲಿ ಕೂತರೂ ನಿದ್ದೆ ಮಾಡುತ್ತದೆ ಎಂಬುದು ಕಣ್ಣೆದುರಿಗಿದ್ದೂ ಹೊಳೆದಿರಲಿಲ್ಲ. ಯಡಿಯೂರಿನಲ್ಲಿ ನಿಲ್ಲಿಸಿ ಕೇಳಿದೆವು. ಹೂವು ಮಾರುವಾಕೆ, "ಆ ಬಸ್ಸು ಆಗ್ಲೇ ಹೋಯ್ತು, ಯಾವ ಮಗೂನೂ ಇಳೀಲಿಲ್ಲ" ಎಂದಳು. ಅಕ್ಕ ಮತ್ತೆ ಗೇರ್ ಹಾಕಿದಳು.

ಬೆಳ್ಳೂರು ಕ್ರಾಸಿನ ಬಸ್ ನಿಲ್ದಾಣದಲ್ಲಿ ಸಿಂಚನಾ ಸಿಕ್ಕಳು. ಬಸ್ಸಿನಲ್ಲಿ ಎಚ್ಚರವಾಗಿ ಅತ್ತವಳನ್ನು ಕಂಡಕ್ಟರ್ ಜೋಪಾನವಾಗಿ ಇಳಿಸಿ, ಅಲ್ಲಿನ ಅಧಿಕಾರಿಯ ಹತ್ತಿರ ಕೂರಿಸಿ, ಕೈಗೆ ಬಿಸ್ಕತ್ತು ಕೊಟ್ಟು ಹೋಗಿದ್ದನಂತೆ. ಊರಿನ ಹೆಸರು ಕೇಳಿದರೆ ಅವಳು 'ಗಂಗಾ ಆಂಟಿ ವ್ಯಾನ್' ಎಂದಷ್ಟೇ ಹೇಳುತ್ತಿದ್ದಳೆಂದು ಆ ಅಧಿಕಾರಿ ನಕ್ಕರು. ಅಲ್ಲಿಯವರೆಗೆ ಬಿಸ್ಕತ್ತು ತಿನ್ನುತ್ತಿದ್ದ ಮಗು ಅಕ್ಕನನ್ನು ಕಂಡದ್ದೇ ಅಳತೊಡಗಿತು. "ನೀವಾಗಿದ್ರೆ ಎಬ್ಬಿಸ್ತಿದ್ರಿ ಆಂಟಿ" ಎಂದಿತು. ಅಕ್ಕ ಮೂಗು ಒರೆಸಿ, ಎತ್ತಿಕೊಂಡು, ಮುಂದಿನ ಸೀಟಿನಲ್ಲಿ ಕೂರಿಸಿದಳು. ನಾನು ಯಾರೂ ಹೇಳದೆ ಹಿಂದಿನ ಸೀಟಿಗೆ ಹೋದೆ. ದಾರಿಯಲ್ಲಿ ಬಂಕ್ ಸಿಕ್ಕಾಗ ಇಳಿದು ಟ್ಯಾಂಕ್ ತುಂಬಿಸಿದೆ. ನನ್ನ ಜೀವನದಲ್ಲಿ ದರದ ಬೋರ್ಡು ನೋಡದೆ ಪೆಟ್ರೋಲ್ ಹಾಕಿಸಿದ್ದು ಅದೊಂದೇ ಸಲ.

ಗೇಟಿನಲ್ಲಿ ಊರಿಗೆ ಊರೇ ನಿಂತಿತ್ತು. ರೇವಣ್ಣ ರಸ್ತೆಯ ಈ ಕಡೆ, ಹೊನ್ನೇಗೌಡರು ಆ ಕಡೆ. ಇಬ್ಬರಿಗೂ ಇನ್ನೂ ಮಾತಿರಲಿಲ್ಲ. ಭಾಗ್ಯಮ್ಮ ಮಗಳನ್ನು ಅವಚಿಕೊಂಡು, ಅಕ್ಕನ ಕೈ ಹಿಡಿದು, "ನಾಳೆಯಿಂದ ವ್ಯಾನಿಗೇ ಕಳಿಸ್ತೀನಿ ಕಣಕ್ಕಾ. ನೀನ್ ಎಷ್ಟ್ ಹೇಳ್ತೀಯೋ ಅಷ್ಟು" ಎಂದಳು.

"ಎಲ್ರಿಗೂ ಹೇಳಿದ್ ಬಾಡಿಗೇನೇ ನಿಂಗೂ. ಬೆಳಗ್ಗೆ ಲೇಟ್ ಮಾಡ್ಬೇಡ" ಎಂದಳು ಅಕ್ಕ. ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಆ ತಿಂಗಳಿನಿಂದ ಎಲ್ಲರೂ ಹೊಸ ಬಾಡಿಗೆ ಕೊಟ್ಟರು. ರೇವಣ್ಣ ಕೊಟ್ಟಿದ್ದು ಗೊತ್ತಾಗಿ ಹೊನ್ನೇಗೌಡರೂ, ಹೊನ್ನೇಗೌಡರು ಕೊಟ್ಟಿದ್ದು ಗೊತ್ತಾಗಿ ರೇವಣ್ಣನೂ ಕೊಟ್ಟರೆಂದು ಭಾವ ಹೇಳುತ್ತಾರೆ. ಇದು ಹೇಗೆ ಸಾಧ್ಯವೆಂದು ನಾನು ಕೇಳಲು ಹೋಗಲಿಲ್ಲ. ವ್ಯಾನ್ ಮಾರುವ ಮಾತು ನಿಂತಿತು. ಅಕ್ಕ ನನ್ನ ಜೊತೆ ಮೊದಲಿನಂತೆ ಮಾತಾಡುತ್ತಾಳೆ, ಪೆಟ್ರೋಲ್ ಒಂದನ್ನು ಬಿಟ್ಟು.

ಮೊನ್ನೆ ಪುನಃ ಬಾಡಿಗೆ ಸ್ವಲ್ಪ ಏರಿಸಬೇಕಾಗಿ ಬಂತಂತೆ. ಸಭೆ ಗಿಭೆ ಏನೂ ಸೇರಿಸದೆ ಒಂದೇ ದಿನದಲ್ಲಿ ಎಲ್ಲರನ್ನೂ ಒಪ್ಪಿಸಿದಳೆಂದು ತಿಳಿದು ನನಗೆ ಆಶ್ಚರ್ಯವಾಯಿತು. "ಪೆಟ್ರೋಲ್ ಬೆಲೆ ಯಾಕೆ ಏರಿತು ಅಂತ ಯಾರೂ ಕೇಳ್ಲಿಲ್ವಾ?" ಎಂದೆ.

"ಕೇಳಿದ್ರು ಕಣೋ. ಭಾನುವಾರ ನನ್ ತಮ್ಮನ್ನ ಕರೆಸಿ ಹೇಳಿಸ್ತೀನಿ ಅಂದೆ" ಎಂದಳು ಅಕ್ಕ. "ಅಯ್ಯೋ ಬ್ಯಾಡ ಬುಡು ಗಂಗಕ್ಕ, ಎಷ್ಟಾದ್ರೂ ಕೊಡ್ತೀವಿ ಅಂದ್ರು."